ಜ್ವರದ ಮೂರನೇ ದಿನ ಬಿಳಿ ರಕ್ತಕಣ ಇಳಿದದ್ದು ಯಾಕೆ?

ಪ್ರಶ್ನೆ: ಕಳೆದ ತಿಂಗಳು ನನ್ನ ಹದಿಮೂರು ವರ್ಷದ ಮಗಳಿಗೆ ಜೋರು ಜ್ವರ, ಮೈಕೈ ನೋವು ಬಂತು. ಮೂರನೇ ದಿನ ರಕ್ತ ಪರೀಕ್ಷೆ ಮಾಡಿಸಿದೆವು. ಡೆಂಗೀ ಇಲ್ಲ ಅಂತ ಬಂತು, ಆದರೆ ಬಿಳಿ ರಕ್ತಕಣ 3,100ಕ್ಕೆ ಇಳಿದಿತ್ತು. ಡಾಕ್ಟರು ವೈರಲ್ ಫೀವರ್ ಅಂದು ಬರೀ ಪ್ಯಾರಾಸಿಟಮಾಲ್ ಬರೆದರು. ಆಂಟಿವೈರಲ್ ಮಾತ್ರೆ ಕೊಡಿ ಅಂದಿದ್ದಕ್ಕೆ ನಕ್ಕರು. ಆರು ದಿನಕ್ಕೆ ಮಗಳು ಹುಷಾರಾದಳು. ವೈರಸ್ ಬಂದಾಗ ದೇಹವೇ ಇಂಟರ್‌ಫೆರಾನ್ ಅನ್ನೋ ವಸ್ತು ತಯಾರಿಸುತ್ತದೆ ಅಂತ ಆಮೇಲೆ ಎಲ್ಲೋ ಓದಿದೆ. ಈಗ ನನ್ನ ಅನುಮಾನಗಳು ಇವು. ಸೋಂಕಿನ ವಿರುದ್ಧ ಹೋರಾಡಬೇಕಾದ ಬಿಳಿ ಕಣಗಳು ಬೇಕಾದ ಹೊತ್ತಲ್ಲೇ ಕಡಿಮೆ ಆಗಿದ್ದು ಯಾಕೆ? ಇಂಟರ್‌ಫೆರಾನ್ ಅಷ್ಟು ಒಳ್ಳೆಯದಾದರೆ ಅದನ್ನೇ ಇಂಜೆಕ್ಷನ್ ಮಾಡಿ ಕೊಡಬಹುದಲ್ವಾ? ವೈರಸ್ಸಿಗೆ ಮಾತ್ರೆಗಳಿದ್ದೂ ಯಾಕೆ ಬರೆಯುವುದಿಲ್ಲ?
(ಶಿವಮೊಗ್ಗ ಜಿಲ್ಲೆಯ ಓದುಗರು)

ಉತ್ತರ: ಆ 3,100ರಿಂದಲೇ ಶುರು ಮಾಡೋಣ. ಮಳೆಗಾಲ ಹಿಡಿಯಿತು ಅಂದರೆ ನನ್ನ ಮೇಜಿನ ಮೇಲೆ ಇಂಥ ರಿಪೋರ್ಟುಗಳ ರಾಶಿ. ಕುರ್ಚಿಯಲ್ಲಿ ಕೂರುವ ಮೊದಲೇ ಅಪ್ಪ ಅಮ್ಮ ಆ ಅಂಕಿಯ ಮೇಲೆ ಬೆರಳಿಡುತ್ತಾರೆ. ಪಕ್ಕದಲ್ಲಿ ದಪ್ಪಗೆ 'ಎಲ್' ಅಂತ ಒಂದು ಅಕ್ಷರ, ಲೋ ಅನ್ನುವುದಕ್ಕೆ. ಅದರ ಪಕ್ಕ, ಇರಬೇಕಾದ ಮಟ್ಟ 4,000ದಿಂದ 11,000 ಅಂತ ಅಚ್ಚಾಗಿರುತ್ತದೆ. ನೋಡಿದವರಿಗೆ ಎದೆ ಧಸಕ್ ಅನ್ನದೇ ಇರುತ್ತದಾ?

ಆದರೆ ಆ ಕಾಗದ ಹೇಳುವುದು ರಕ್ತದಲ್ಲಿ ಎಷ್ಟು ಬಿಳಿ ಕಣ ಸಿಕ್ಕವು ಅಂತ ಮಾತ್ರ. ದೇಹದಲ್ಲಿ ಎಷ್ಟಿವೆ ಅಂತಲ್ಲ. ರಕ್ತ ಅನ್ನೋದು ಈ ಕಣಗಳಿಗೆ ಮನೆಯಲ್ಲ, ರಸ್ತೆ. ವೈರಸ್ಸಿನ ವಿಷಯದಲ್ಲಿ ಮುಖ್ಯವಾದ ಲಿಂಫೋಸೈಟ್ ಕಣಗಳನ್ನೇ ತೆಗೆದುಕೊಳ್ಳಿ. ದೇಹದ ಒಟ್ಟು ಲಿಂಫೋಸೈಟ್‌ಗಳಲ್ಲಿ ಯಾವುದೇ ಹೊತ್ತಿನಲ್ಲಿ ರಕ್ತದಲ್ಲಿ ಓಡಾಡುವುದು ನೂರಕ್ಕೆ ಎರಡರಷ್ಟು. ಉಳಿದವು ಕುತ್ತಿಗೆ, ಕಂಕುಳು, ತೊಡೆಸಂದಿಯ ದುಗ್ಧಗ್ರಂಥಿಗಳಲ್ಲಿ, ಗುಲ್ಮದಲ್ಲಿ, ಕರುಳಿನ ಗೋಡೆಯಲ್ಲಿ ಇರುತ್ತವೆ. ಸಂತೆಯ ದಿನ ಮುಖ್ಯರಸ್ತೆಯಲ್ಲಿ ನಿಂತು ತಲೆ ಎಣಿಸಿದರೆ ಜನ ಕಡಿಮೆ ಕಾಣಬಹುದು. ಎಲ್ಲರೂ ಸಂತೆಮಾಳದ ಒಳಗಿರುತ್ತಾರೆ.

ನಿಮ್ಮ ಮಗಳಿಗೆ ಆಗಿದ್ದು ಬಹುಪಾಲು ಅದೇ. ಕಣಗಳನ್ನು ಒಳಗೆ ಹಿಡಿದಿಟ್ಟದ್ದು ನೀವು ಓದಿದ ಆ ಇಂಟರ್‌ಫೆರಾನ್. ದುಗ್ಧಗ್ರಂಥಿಗೆ ಬಂದ ಲಿಂಫೋಸೈಟ್ ಮತ್ತೆ ರಕ್ತಕ್ಕೆ ಮರಳಬೇಕಾದರೆ ಅದರ ಮೈಮೇಲೆ ಒಂದು ಗ್ರಾಹಕ ಇರಬೇಕು. ಅದೊಂಥರಾ ಗೇಟ್ ಪಾಸ್. ಇಂಟರ್‌ಫೆರಾನ್ ತಾಗಿದ ಕೂಡಲೇ ಕಣದ ಮೇಲೆ ಸಿಡಿ69 ಅನ್ನುವ ಇನ್ನೊಂದು ಪ್ರೋಟೀನ್ ಮೂಡಿ, ಆ ಪಾಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕಣ ಒಳಗೇ ಉಳಿಯುತ್ತದೆ. ಯಾವ ವೈರಸ್ ಬಂದಿದೆ ಅಂತ ತೋರಿಸುವ ಕೆಲಸ ನಡೆಯುವುದು ಅಲ್ಲೇ ಆದ್ದರಿಂದ, ಅಲ್ಲಿರುವುದೇ ಸರಿ. ಜ್ವರದಲ್ಲಿ ಮಗುವಿನ ಕುತ್ತಿಗೆ ಸವರಿದರೆ ಕೈಗೆ ಸಿಗುವ ಗಂಟುಗಳು ಈ ಗುಂಪು ಸೇರಿದ ಜಾಗಗಳು. ಜೊತೆಗೆ ಮೂಳೆಮಜ್ಜೆಯಲ್ಲಿ ಹೊಸ ಕಣ ಹುಟ್ಟುವ ವೇಗವನ್ನೂ ಇಂಟರ್‌ಫೆರಾನ್ ಸ್ವಲ್ಪ ತಗ್ಗಿಸುತ್ತದೆ. ಎರಡೂ ಸೇರಿ 3,100.

ಹಾಗಾದರೆ ಈ ಇಂಟರ್‌ಫೆರಾನ್ ಏನು ಅಂತ ಕೇಳಬೇಕಲ್ಲ. ಇದು ವೈರಸ್ಸನ್ನು ಕೊಲ್ಲುವ ಔಷಧಿ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಇದು ವೈರಸ್ಸನ್ನು ಮುಟ್ಟುವುದೇ ಇಲ್ಲ.

ನಿಮ್ಮದು ಮಲೆನಾಡು, ಅದಕ್ಕೇ ಆನೆಯ ಲೆಕ್ಕದಲ್ಲಿ ಹೇಳುತ್ತೇನೆ. ಕಾಡಂಚಿನ ಊರಿನಲ್ಲಿ ರಾತ್ರಿ ಒಬ್ಬರ ತೋಟಕ್ಕೆ ಆನೆ ನುಗ್ಗಿತು ಅಂದುಕೊಳ್ಳಿ. ಆ ತೋಟದ ಬಾಳೆ ಹೋಯಿತು, ಅದನ್ನು ಉಳಿಸುವುದು ಕಷ್ಟ. ಆದರೆ ಆ ಮನೆಯವರು ಫೋನ್ ಮಾಡುತ್ತಾರೆ, ಕೂಗುತ್ತಾರೆ, ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅಕ್ಕಪಕ್ಕದವರು ದೀಪ ಹಾಕುತ್ತಾರೆ, ಬೆಂಕಿ ಮಾಡುತ್ತಾರೆ, ಬೇಲಿಗೆ ಕರೆಂಟು ಕೊಡುತ್ತಾರೆ. ಇಂಟರ್‌ಫೆರಾನ್ ಅಂದರೆ ಆ ಕೂಗು. ವೈರಸ್ ಹೊಕ್ಕ ಜೀವಕೋಶ ತಾನು ಉಳಿಯುವುದು ಅನುಮಾನವಾದರೂ ಒಂದು ಸಣ್ಣ ಪ್ರೋಟೀನನ್ನು ಹೊರಕ್ಕೆ ಬಿಡುತ್ತದೆ. ಅದು ಪಕ್ಕದ ಕೋಶಗಳ ಬಾಗಿಲು ತಟ್ಟುತ್ತದೆ.

ಇದು ಗೊತ್ತಾದ ಬಗೆ ಬಲು ಸರಳ. 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಜಾನ್ ಲಿಂಡೆನ್‌ಮನ್ ಕೆಲಸ ಮಾಡುತ್ತಿದ್ದರು. ಒಂದು ವೈರಸ್ ಹೊಕ್ಕ ಕಡೆ ಇನ್ನೊಂದು ವೈರಸ್ ಸುಲಭವಾಗಿ ಬೆಳೆಯುವುದಿಲ್ಲ ಅನ್ನುವುದು ಆಗಲೇ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಇವರು ಕೋಳಿಮೊಟ್ಟೆಯೊಳಗಿನ ತೆಳು ಪೊರೆಯ ಚೂರುಗಳನ್ನು ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ ಜೊತೆ ಇಟ್ಟರು. ಆಮೇಲೆ ಚೆನ್ನಾಗಿ ತೊಳೆದು ಹೊಸ ದ್ರವಕ್ಕೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಚೂರುಗಳನ್ನು ತೆಗೆದು ಆ ದ್ರವವನ್ನಷ್ಟೇ ಬೇರೆ ತಾಜಾ ಪೊರೆಗೆ ಸೋಕಿಸಿದರು. ಈ ಹೊಸ ಪೊರೆಯಲ್ಲಿ ಜೀವಂತ ಫ್ಲೂ ವೈರಸ್ ಸರಿಯಾಗಿ ಬೆಳೆಯಲೇ ಇಲ್ಲ. ಅಂದರೆ ಮೊದಲ ಚೂರುಗಳು ದ್ರವಕ್ಕೆ ಏನನ್ನೋ ಬಿಟ್ಟಿದ್ದವು. ವೈರಸ್ಸಿನ ಕೆಲಸಕ್ಕೆ ಅಡ್ಡಿ ಮಾಡುವಂಥದ್ದು ಅಂತ ಅದಕ್ಕೆ ಇಂಟರ್‌ಫೆರಾನ್ ಅಂತ ಹೆಸರಿಟ್ಟರು. ಜಪಾನಿನ ನಾಗಾನೊ ಮತ್ತು ಕೊಜಿಮಾ 1954ರಲ್ಲೇ ಮೊಲದ ಚರ್ಮದಲ್ಲಿ ಇಂಥದ್ದನ್ನು ಕಂಡಿದ್ದರು. ಹೆಸರು ಮಾತ್ರ ಲಂಡನ್ನಿನವರಿಗೆ ಬಂತು. ಐಸಾಕ್ಸ್ 1967ರಲ್ಲಿ, ಇನ್ನೂ 45 ವರ್ಷದವರಿದ್ದಾಗಲೇ ತೀರಿಕೊಂಡರು. ಇಂಥ ವಸ್ತು ಇದೆ ಅನ್ನುವುದನ್ನೇ ಆಗ ಹಲವರು ನಂಬುತ್ತಿರಲಿಲ್ಲ.

ಅದೇ 1957ರಲ್ಲಿ ನಿಮ್ಮ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಮಂಗನ ಕಾಯಿಲೆಯ ವೈರಸ್ ಆಗಲೇ ಪತ್ತೆಯಾದದ್ದು. ಅದಕ್ಕೆ ಮತ್ತೆ ಬರುತ್ತೇನೆ.

ಕೂಗು ಕೇಳಿದ ಪಕ್ಕದ ಕೋಶ ಏನು ಮಾಡುತ್ತದೆ? ಇಂಟರ್‌ಫೆರಾನ್ ಬಾಗಿಲಿಗೆ ತಾಗಿದ ಕೆಲವೇ ಗಂಟೆಗಳಲ್ಲಿ ನೂರಾರು ಜೀನ್‌ಗಳು ಎಚ್ಚರಗೊಳ್ಳುತ್ತವೆ. ನಿಜವಾದ ವೈರಸ್ ವಿರೋಧಿ ವಸ್ತುಗಳು ತಯಾರಾಗುವುದು ಇಲ್ಲಿ. ಒಂದೊಂದಕ್ಕೂ ಒಂದೊಂದು ಕಸುಬು. ಪಿಕೆಆರ್ ಅನ್ನುವುದು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ವೈರಸ್ಸಿಗೆ ತನ್ನದೇ ಕಾರ್ಖಾನೆ ಇಲ್ಲ, ನಮ್ಮದನ್ನೇ ಬಳಸಬೇಕು. ಕಾರ್ಖಾನೆ ಬಂದ್ ಆದರೆ ಅದಕ್ಕೂ ಕೆಲಸವಿಲ್ಲ. ಆರ್‌ಎನ್‌ಏಸ್ ಎಲ್ ಅನ್ನುವುದು ಕತ್ತರಿ, ಕೋಶದೊಳಗಿನ ಆರ್‌ಎನ್‌ಎಯನ್ನು, ಅಂದರೆ ಪ್ರೋಟೀನ್ ತಯಾರಿಸಲು ಬರುವ ಆದೇಶದ ಪ್ರತಿಯನ್ನು, ಕತ್ತರಿಸುತ್ತದೆ. ಐಎಫ್‌ಐಟಿಎಂ3 ವೈರಸ್ ಒಳಗೆ ಬರುವ ದಾರಿಯಲ್ಲೇ ತಡೆಯುತ್ತದೆ. ಟೆಥರಿನ್ ಅಂತ ಇನ್ನೊಂದಿದೆ, ನನಗೆ ತುಂಬಾ ಇಷ್ಟವಾದದ್ದು. ಹೊರಗೆ ಹೋಗಲು ಹೊರಟ ಎಚ್‌ಐವಿಯಂಥ ವೈರಸ್ಸಿನ ಬಾಲ ಹಿಡಿದು ಕೋಶದ ಗೋಡೆಗೆ ಕಟ್ಟಿಹಾಕುತ್ತದೆ. ಫ್ಲೂ ವೈರಸ್ಸನ್ನು ಹಿಡಿಯುವ ಎಂಎಕ್ಸ್ ಪ್ರೋಟೀನಿನ ಸುಳಿವು ಸಿಕ್ಕಿದ್ದು ಮತ್ತೆ ಅದೇ ಲಿಂಡೆನ್‌ಮನ್‌ಗೆ, 1962ರಲ್ಲಿ. ಫ್ಲೂ ಕೊಟ್ಟರೂ ಸಾಯದ ಒಂದು ತಳಿಯ ಇಲಿ ಅವರ ಕಣ್ಣಿಗೆ ಬಿತ್ತು.

ಇಲ್ಲೊಂದು ಗಮನಿಸಿ. ಪಿಕೆಆರ್ ನಿಲ್ಲಿಸುವುದು ವೈರಸ್ಸಿನ ಕೆಲಸವನ್ನು ಮಾತ್ರ ಅಲ್ಲ, ಕೋಶದ ಸ್ವಂತ ಕೆಲಸವನ್ನೂ. ಕತ್ತರಿಗೂ ತನ್ನದು ಪರರದು ಅಂತ ಅಷ್ಟು ಭೇದವಿಲ್ಲ. ಹಾವು ಸಾಯಬೇಕು ಕೋಲು ಮುರಿಯಬಾರದು ಅಂತೀವಲ್ಲ, ಇಲ್ಲಿ ಕೋಲು ಸ್ವಲ್ಪ ಬಿರುಕು ಬಿಟ್ಟೇ ಬಿಡುತ್ತದೆ. ಅದಕ್ಕೇ ಈ ಕೂಗು ಬೇಕಾದಾಗ ಮಾತ್ರ ಏಳಬೇಕು, ಕೆಲಸ ಮುಗಿದ ಮೇಲೆ ಅಡಗಬೇಕು. ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ.

ಮೊದಲು ಕೂಗು ಏಳುವುದು ಹೇಗೆ ನೋಡಿ. ವೈರಸ್ಸುಗಳ ಆರ್‌ಎನ್‌ಎಯಲ್ಲಿ ನಮ್ಮಲ್ಲಿ ಇರದ ಕೆಲವು ಗುರುತುಗಳಿರುತ್ತವೆ. ಕೋಶದೊಳಗೆ ಅದನ್ನು ಹುಡುಕುತ್ತಾ ಕೂತ ಕಾವಲುಗಾರ ಪ್ರೋಟೀನ್‌ಗಳಿವೆ. ಅದರಲ್ಲೊಂದು ರಿಗ್-ಐ. ಹಕ್ಕಿಜ್ವರ ಬಂದಾಗ ಕೋಳಿಗಳು ರಾಶಿರಾಶಿ ಸಾಯುತ್ತವೆ, ಆದರೆ ಅದೇ ವೈರಸ್ಸಿನ ಎಷ್ಟೋ ತಳಿಗಳು ಹೊಕ್ಕರೂ ಬಾತುಕೋಳಿ ಆರಾಮಾಗಿ ಓಡಾಡಿಕೊಂಡಿರುತ್ತದೆ. ಒಂದು ಮುಖ್ಯ ಕಾರಣ ಏನು ಗೊತ್ತಾ? ಬಾತುಕೋಳಿಗೆ ರಿಗ್-ಐ ಇದೆ, ಕೋಳಿಗೆ ಇಲ್ಲ. ಕೋಳಿಯಲ್ಲಿ ಬೇರೆ ಕಾವಲುಗಾರರಿದ್ದಾರೆ, ಆದರೆ ಈ ಕಳ್ಳನನ್ನು ಬೇಗ ಗುರುತಿಸುವವನು ಇಲ್ಲ.

ಹೆಚ್ಚುಕಡಿಮೆ ಎಲ್ಲ ಕೋಶಗಳೂ ಕೂಗಬಲ್ಲವು, ಆದರೆ ಗಂಟಲು ಜೋರಿರುವುದು ಒಂದೇ ಬಗೆಯ ಕಣಕ್ಕೆ. ಅದರ ಹೆಸರು ಪ್ಲಾಸ್ಮಸೈಟಾಯ್ಡ್ ಡೆಂಡ್ರೈಟಿಕ್ ಕೋಶ. ಹೆಸರು ಬಾಯಲ್ಲಿ ತಿರುಗುವುದಿಲ್ಲ, ಬಿಡಿ. ರಕ್ತದ ಬಿಳಿ ಕಣಗಳಲ್ಲಿ ಇದು ನೂರಕ್ಕೆ ಒಂದೂ ಇಲ್ಲ. ಆದರೆ ಬೇರೆ ಕಣಕ್ಕಿಂತ ಸಾವಿರ ಪಟ್ಟಿನವರೆಗೆ ಜಾಸ್ತಿ ಇಂಟರ್‌ಫೆರಾನ್ ಸುರಿಸಬಲ್ಲದು. ಆ ಇಂಟರ್‌ಫೆರಾನ್ ರಕ್ತದಲ್ಲಿ ಹರಡಿ ಮಿದುಳಿಗೆ ಮುಟ್ಟಿದಾಗ ಜ್ವರ ಏರುತ್ತದೆ, ಚಳಿ ಹಿಡಿಯುತ್ತದೆ, ಸೊಂಟ ಕಾಲು ಸೆಳೆಯುತ್ತವೆ, ಊಟ ಸೇರುವುದಿಲ್ಲ. ವೈರಲ್ ಜ್ವರದ ಮೈಕೈ ನೋವು ವೈರಸ್ ಕಚ್ಚಿದ ನೋವಲ್ಲ. ದೊಡ್ಡ ಪಾಲು ಇಂಟರ್‌ಫೆರಾನ್ ಮತ್ತು ಅದರ ಜೊತೆಯ ರಾಸಾಯನಿಕಗಳ ಕೆಲಸ.

ಇದನ್ನು ಅಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀರಿ ಅಂದರೆ, ಒಬ್ಬ ಮೇಷ್ಟ್ರ ಕತೆ ಹೇಳಬೇಕು.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ಅವರಿಗೆ ಹೆಪಟೈಟಿಸ್ ಸಿ ಇತ್ತು. ಯಕೃತ್ತನ್ನು ನಿಧಾನಕ್ಕೆ ತಿನ್ನುವ ವೈರಸ್ ಅದು, ಜ್ವರ ಗಿರ ಏನೂ ಇರುವುದಿಲ್ಲ. ಆಗ ಇದ್ದ ಚಿಕಿತ್ಸೆ ಒಂದೇ. ವಾರಕ್ಕೊಂದು ಇಂಟರ್‌ಫೆರಾನ್ ಸೂಜಿ, ಜೊತೆಗೆ ರೈಬಾವಿರಿನ್ ಮಾತ್ರೆ. ಅವರ ಬಗೆಯ ವೈರಸ್ಸಿಗೆ 24 ವಾರ, ಬೇರೆ ಬಗೆಗೆ 48 ವಾರ. ಮೇಷ್ಟ್ರು ಶನಿವಾರ ಬೆಳಗಿನ ಶಾಲೆ ಮುಗಿಸಿ ಸೂಜಿ ಹಾಕಿಸಿಕೊಳ್ಳುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಕ ಶುರು. ಭಾನುವಾರ ಪೂರ್ತಿ ಕಂಬಳಿ ಹೊದ್ದು ಮಲಗುವುದು. ಸೋಮವಾರ ಮತ್ತೆ ಪಾಠ. "ಡಾಕ್ಟ್ರೇ, ವಾರಾ ವಾರಾ ಫ್ಲೂ ಕೊಂಡುಕೊಳ್ತಾ ಇದೀನಿ, ಅದೂ ದುಡ್ಡು ಕೊಟ್ಟು" ಅನ್ನುತ್ತಿದ್ದರು. ಅವರ ಮೈಯಲ್ಲಿ ಫ್ಲೂ ವೈರಸ್ ಇರಲಿಲ್ಲ. ಇದ್ದದ್ದು ಫ್ಲೂ ಬಂದಾಗ ಏಳುವ ಕೂಗು ಮಾತ್ರ.

ಅವರ ರಕ್ತ ಪರೀಕ್ಷೆಯಲ್ಲೂ ಬಿಳಿ ಕಣದ ಮುಂದೆ 'ಎಲ್' ಬರುತ್ತಿತ್ತು. ಪ್ಲೇಟ್‌ಲೆಟ್ ಮುಂದೆಯೂ. ನಿಮ್ಮ ಮಗಳ ರಿಪೋರ್ಟಿನಲ್ಲಿ ಕಂಡ ಬಿಳಿ ಕಣದ ಇಳಿತವೇ, ಹೊಸ ಸೋಂಕು ಯಾವುದೂ ಇಲ್ಲದೆ. ನಾಲ್ಕನೇ ತಿಂಗಳು ಅವರ ಹೆಂಡತಿ ಒಬ್ಬರೇ ಬಂದು ಕೂತರು. "ಇವರು ಮುಂಚಿನ ಹಾಗಿಲ್ಲ. ಮಾತಿಲ್ಲ, ನಗು ಇಲ್ಲ. ರಾತ್ರಿ ಎದ್ದು ಸುಮ್ನೆ ಕೂತಿರ್ತಾರೆ" ಅಂದರು. ಇಂಟರ್‌ಫೆರಾನ್ ಮನಸ್ಸನ್ನೂ ಕುಗ್ಗಿಸುತ್ತದೆ, ಕೆಲವರಲ್ಲಿ ಅಪಾಯದ ಮಟ್ಟಕ್ಕೆ. ನಾನು ಅದನ್ನು ಇನ್ನೂ ಮೊದಲೇ ಕೇಳಬೇಕಿತ್ತು. ಅವರು ಕೋರ್ಸ್ ಮುಗಿಸಿದರು, ವೈರಸ್ ಹೋಯಿತು. ಆದರೆ ಎಲ್ಲರಿಗೂ ಹೋಗುತ್ತಿರಲಿಲ್ಲ. ಪಶ್ಚಿಮ ದೇಶಗಳಲ್ಲಿ ಜಾಸ್ತಿ ಕಾಣುವ ಬಗೆಯಲ್ಲಿ 48 ವಾರ ನರಳಿದ ಮೇಲೂ ಗುಣವಾಗುತ್ತಿದ್ದವರು ಹತ್ತಿರಹತ್ತಿರ ಅರ್ಧ ಜನ.

ಈಗ ನಿಮ್ಮ ಎರಡನೇ ಪ್ರಶ್ನೆಯ ಉಳಿದರ್ಧ. ಇಂಟರ್‌ಫೆರಾನ್ ಇಂಜೆಕ್ಷನ್ ಇದೆ, ತುಂಬಾ ಹಿಂದಿನಿಂದಲೇ ಇದೆ. ಮೊದಲು ಫಿನ್ಲೆಂಡಿನ ಕಾರಿ ಕಾಂಟೆಲ್ ಅವರು ರಕ್ತದಾನಿಗಳ ಬಿಳಿ ಕಣಗಳಿಂದ ಹನಿಹನಿಯಾಗಿ ತೆಗೆಯುತ್ತಿದ್ದರು. 1980ರ ಹೊತ್ತಿಗೆ ಜ್ಯೂರಿಕ್‌ನ ಚಾರ್ಲ್ಸ್ ವೈಸ್‌ಮನ್ ತಂಡ ಅದರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಕೂರಿಸಿತು. ಬೇಕಾದಷ್ಟು ಸಿಗತೊಡಗಿತು. ಆಗ ಕ್ಯಾನ್ಸರಿಗೇ ರಾಮಬಾಣ ಅನ್ನುವಷ್ಟು ಗದ್ದಲ ಎದ್ದಿತ್ತು. 1986ರಲ್ಲಿ ಅಮೆರಿಕದಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು ಹೇರಿ ಸೆಲ್ ಲ್ಯುಕೇಮಿಯಾ ಅನ್ನುವ ಅಪರೂಪದ ರಕ್ತಕ್ಯಾನ್ಸರಿಗೆ. ನೆಗಡಿಗೂ ಮೂಗಿನ ಸ್ಪ್ರೇ ಮಾಡಿ ನೋಡಿದರು. ನೆಗಡಿ ತಡೆಯಿತು ನಿಜ. ಆದರೆ ದಿನಾ ಹಾಕಿಕೊಂಡವರಿಗೆ ಮೂಗು ಕಟ್ಟುವುದು, ಮೂಗಿನಲ್ಲಿ ರಕ್ತ ಬರುವುದು ಶುರುವಾಯಿತು. ನೆಗಡಿಗೆ ಔಷಧಿ ತಗೊಂಡು ನೆಗಡಿಯಂಥದ್ದೇ ಕಾಟ ಪಡುವುದಾದರೆ ನೆಗಡಿಯೇ ವಾಸಿ ಅಲ್ವಾ? ಅಲ್ಲಿಗೆ ಅದು ನಿಂತಿತು.

ಕಾಟಕ್ಕಿಂತ ದೊಡ್ಡ ಸಮಸ್ಯೆ ಹೊತ್ತಿನದು. ಕೂಗಿಗೆ ಬೆಲೆ ಇರುವುದು ಆನೆ ಮೊದಲ ತೋಟದಲ್ಲಿರುವಾಗ. ಹತ್ತು ತೋಟ ತುಳಿದ ಮೇಲೆ ಕೂಗಿದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೈ ಬಿಸಿಯಾಗಿ ನಿಮಗೆ ಜ್ವರ ಅಂತ ಗೊತ್ತಾಗುವ ಹೊತ್ತಿಗೆ ದೇಹದಲ್ಲಿ ಆ ಕೂಗು ಆಗಲೇ ಎದ್ದಿರುತ್ತದೆ. ಜ್ವರ ಅಂದರೇ ಅದು. ಮೇಲಿಂದ ಇನ್ನಷ್ಟು ಸುರಿದರೆ ಸಿಗುವ ಲಾಭ ಕಡಿಮೆ, ಕಾಟ ಜಾಸ್ತಿ.

ಕೋವಿಡ್ ಇದನ್ನು ಕಣ್ಣಿಗೆ ಹೊಡೆಯುವ ಹಾಗೆ ತೋರಿಸಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಾಲಿಡಾರಿಟಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ರೋಗಿಗಳಿಗೆ ಬೀಟಾ ಅನ್ನುವ ಬಗೆಯ ಇಂಟರ್‌ಫೆರಾನ್ ಕೊಟ್ಟರು. ಸಾವು ಕಡಿಮೆಯಾಗಲಿಲ್ಲ. 2023ರಲ್ಲಿ ಬಂದ ಇನ್ನೊಂದು ಪ್ರಯೋಗ ಬ್ರೆಜಿಲ್ ಮತ್ತು ಕೆನಡಾದ್ದು. ಲಕ್ಷಣ ಶುರುವಾದ ಏಳು ದಿನದೊಳಗೆ, ಇನ್ನೂ ಮನೆಯಲ್ಲೇ ಇದ್ದವರಿಗೆ, ಲ್ಯಾಂಬ್ಡಾ ಅನ್ನುವ ಇನ್ನೊಂದು ಬಗೆಯ ಇಂಟರ್‌ಫೆರಾನಿನ ಒಂದೇ ಒಂದು ಸೂಜಿ. ಸ್ಥಿತಿ ಬಿಗಡಾಯಿಸಿ ಆಸ್ಪತ್ರೆ ಮೆಟ್ಟಿಲು ಹತ್ತಿದವರು ಹೋಲಿಕೆಗೆ ಔಷಧಿ ಇಲ್ಲದ ಸುಳ್ಳು ಸೂಜಿ ಪಡೆದವರಲ್ಲಿ ನೂರಕ್ಕೆ 5.6, ಲ್ಯಾಂಬ್ಡಾ ಪಡೆದವರಲ್ಲಿ 2.7. ಲ್ಯಾಂಬ್ಡಾಕ್ಕೆ ಪ್ರತಿಕ್ರಿಯಿಸುವುದು ಹೆಚ್ಚಾಗಿ ಶ್ವಾಸಕೋಶ, ಕರುಳು, ಯಕೃತ್ತಿನ ಕೋಶಗಳು, ಹಾಗಾಗಿ ಮೈಕೈ ನೋವೂ ಕಡಿಮೆ. ನಮ್ಮಲ್ಲೂ 2021ರ ಏಪ್ರಿಲ್‌ನಲ್ಲಿ ಜೈಡಸ್ ಕಂಪನಿಯ ವಿರಾಫಿನ್ ಅನ್ನುವ ಇಂಟರ್‌ಫೆರಾನ್ ಆಲ್ಫಾಕ್ಕೆ ಕೋವಿಡ್‌ನಲ್ಲಿ ತುರ್ತು ಬಳಕೆಯ ಒಪ್ಪಿಗೆ ಸಿಕ್ಕಿತ್ತು.

ಅದೇ ಕಾಲದ ಇನ್ನೊಂದು ಸಂಶೋಧನೆ ನನ್ನನ್ನು ತುಂಬಾ ದಿನ ಕಾಡಿತು. ಕೋವಿಡ್‌ನಿಂದ ಪ್ರಾಣಾಪಾಯಕ್ಕೆ ಹೋದ 987 ಜನರ ರಕ್ತ ನೋಡಿದರು. ಅವರಲ್ಲಿ 101 ಜನರಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದು ನಿಷ್ಕ್ರಿಯ ಮಾಡುವ ಪ್ರತಿಕಾಯಗಳಿದ್ದವು. ಆ 101ರಲ್ಲಿ 95 ಗಂಡಸರು. ಲಘುವಾಗಿ ಬಂದು ಹೋದ 663 ಜನರಲ್ಲಿ ಒಬ್ಬರಲ್ಲೂ ಇರಲಿಲ್ಲ. ಇವರ ದೇಹ ಕೂಗುತ್ತಿತ್ತು, ಆದರೆ ಬಾಯಿಗೆ ಬಟ್ಟೆ ತುರುಕಿದ ಹಾಗಿತ್ತು. ನೋಡಲು ಗಟ್ಟಿಮುಟ್ಟಾಗಿದ್ದವರು ನಾಲ್ಕೇ ದಿನದಲ್ಲಿ ಹೋದದ್ದನ್ನು ಆ ಎರಡು ವರ್ಷ ನಾವೆಲ್ಲ ನೋಡಿದ್ದೇವೆ. ಕೆಲವರ ವಿಷಯದಲ್ಲಾದರೂ ಕಾರಣ ಇದು.

ವೈರಸ್ಸುಗಳೂ ಇದೇ ಜಾಗಕ್ಕೆ ಕೈ ಹಾಕುತ್ತವೆ. ಡೆಂಗೀ ವೈರಸ್ಸಿನಲ್ಲಿ ಎನ್‌ಎಸ್5 ಅನ್ನುವ ಪ್ರೋಟೀನ್ ಇದೆ. ಇಂಟರ್‌ಫೆರಾನ್ ಬಾಗಿಲು ತಟ್ಟಿದ ಮೇಲೆ ಸುದ್ದಿಯನ್ನು ಕೋಶದ ಒಳಮನೆಗೆ ಒಯ್ಯುವ ಆಳು ಸ್ಟಾಟ್2. ಎನ್‌ಎಸ್5 ಆ ಆಳನ್ನೇ ನಾಶ ಮಾಡಿಸುತ್ತದೆ. ತಮಾಷೆ ಅಂದರೆ ಮನುಷ್ಯರ ಸ್ಟಾಟ್2 ಮೇಲೆ ಇದು ನಡೆಯುತ್ತದೆ, ಇಲಿಯದರ ಮೇಲೆ ನಡೆಯುವುದಿಲ್ಲ. ಅದಕ್ಕೇ ಮಾಮೂಲಿ ಇಲಿಗೆ ಡೆಂಗೀ ಅಂಟಿಸುವುದು ಕಷ್ಟ, ಪ್ರಯೋಗಕ್ಕೆ ಇಂಟರ್‌ಫೆರಾನ್ ತಟ್ಟುವ ಆ ಬಾಗಿಲೇ ಇಲ್ಲದ ಇಲಿಗಳನ್ನು ಬಳಸುತ್ತಾರೆ. ನಿಮ್ಮ ಕಡೆಯ ಮಂಗನ ಕಾಯಿಲೆ ಡೆಂಗೀಯ ದಾಯಾದಿ. ಅದರ ಎನ್‌ಎಸ್5 ಕೂಡ ಇಂಟರ್‌ಫೆರಾನ್ ಸುದ್ದಿಗೆ ಅಡ್ಡಗಾಲು ಹಾಕುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. 1957ರಲ್ಲಿ ಲಂಡನ್ನಿನಲ್ಲಿ ಸಿಕ್ಕ ವಸ್ತುವೂ ಕ್ಯಾಸನೂರಿನಲ್ಲಿ ಸಿಕ್ಕ ವೈರಸ್ಸೂ ಹೀಗೆ ಒಂದೇ ಕೋಶದೊಳಗೆ ಭೇಟಿಯಾಗುತ್ತವೆ.

ಹೊರಗಿಂದ ಕೊಡುವುದಿರಲಿ, ಕೂಗು ತಾನಾಗಿ ಅಡಗದೇ ಇದ್ದರೂ ಕಷ್ಟವೇ. ಲೂಪಸ್ ಅನ್ನುವ ಕಾಯಿಲೆಯಲ್ಲಿ ವೈರಸ್ ಇಲ್ಲದೆಯೂ ಇಂಟರ್‌ಫೆರಾನ್ ಏಳುತ್ತಲೇ ಇರುತ್ತದೆ. ಕೀಲು, ಚರ್ಮ, ಕಿಡ್ನಿ ಎಲ್ಲ ಬೇಯುತ್ತವೆ. 2021ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಅನಿಫ್ರೊಲುಮಾಬ್ ಔಷಧಿಯ ಕೆಲಸ ಇಂಟರ್‌ಫೆರಾನ್ ಬಾಗಿಲಿಗೆ ಚಿಲಕ ಹಾಕುವುದು. ಚಿಲಕ ಹಾಕಿಸಿಕೊಂಡವರಿಗೆ ಸರ್ಪಸುತ್ತು ಬರುವುದು ಜಾಸ್ತಿ. ನೋಡಿ, ಎರಡೂ ಕಡೆ ಬಿಗಿ.

ಇಂಟರ್‌ಫೆರಾನ್ ಎರಡು ಮೂರು ದಿನ ಹಿಡಿದಿಟ್ಟುಕೊಂಡಿರುತ್ತದೆ ಅಷ್ಟೇ. ಬಂದ ವೈರಸ್ಸನ್ನು ಪೂರ್ತಿ ಹೊರಹಾಕುವುದು ಕಣಗಳ ಕೆಲಸ. ಮೊದಲು ಬರುವುದು ಎನ್‌ಕೆ, ಅಂದರೆ ನ್ಯಾಚುರಲ್ ಕಿಲ್ಲರ್ ಕೋಶಗಳು. ಪ್ರತಿ ಕೋಶವೂ ತನ್ನ ಮೈಮೇಲೆ ಒಂದು ಗುರುತಿನ ಚೀಟಿ ಹಿಡಿದಿರಬೇಕು. ಕಣ್ತಪ್ಪಿಸಲು ಎಷ್ಟೋ ವೈರಸ್ಸುಗಳು ಆ ಚೀಟಿಯನ್ನು ಬಚ್ಚಿಡುತ್ತವೆ. ಚೀಟಿ ಇಲ್ಲದವರನ್ನು ಎನ್‌ಕೆ ಕೋಶ ಸೀದಾ ಮುಗಿಸುತ್ತದೆ. ಐದಾರು ದಿನಕ್ಕೆ ದುಗ್ಧಗ್ರಂಥಿಯಲ್ಲಿ ತಯಾರಾದ ಟಿ ಕೋಶಗಳು ಹೊರಬರುತ್ತವೆ. ಸೋಂಕಿತ ಕೋಶಕ್ಕೆ ಅಂಟಿಕೊಂಡು, ತೂತು ಕೊರೆದು, ಸಾಯುವ ಆಜ್ಞೆ ಒಳಗೆ ಬಿಡುತ್ತವೆ. ಗೊಬ್ಬರದ ಗುಂಡಿ ಕಾಯುವ ಕೆಲಸ ಮ್ಯಾಕ್ರೊಫೇಜ್‌ಗಳದ್ದು, ಸತ್ತದ್ದನ್ನೆಲ್ಲ ನುಂಗುತ್ತವೆ. ಬಿ ಕೋಶಗಳ ಪ್ರತಿಕಾಯಗಳು ಮುಂದಿನ ಸಲಕ್ಕೂ ಉಳಿಯುತ್ತವೆ. ನಿಮ್ಮ ಮಗಳಿಗೆ ಆರನೇ ದಿನ ಜ್ವರ ಬಿಟ್ಟದ್ದು ಯಾಕೆ ಅಂತ ಈಗ ನೀವೇ ಲೆಕ್ಕ ಹಾಕಬಹುದು.

ಮಾತ್ರೆಗಳ ಪ್ರಶ್ನೆ ಉಳಿಯಿತು. ಬ್ಯಾಕ್ಟೀರಿಯಾಕ್ಕೆ ತನ್ನದೇ ಗೋಡೆ, ತನ್ನದೇ ಯಂತ್ರ ಇರುತ್ತವೆ. ಅದನ್ನಷ್ಟೇ ಒಡೆಯುವ ಆಂಟಿಬಯಾಟಿಕ್ ಮಾಡುವುದು ಸುಲಭ. ವೈರಸ್ ನಮ್ಮ ಅಡುಗೆಮನೆಯಲ್ಲೇ ಅಡುಗೆ ಮಾಡುತ್ತದೆ. ಒಲೆ ಆರಿಸಿದರೆ ನಮಗೂ ಊಟವಿಲ್ಲ. ಆದ್ದರಿಂದ ಒಂದೊಂದು ವೈರಸ್ಸಿಗೂ ಅದರದ್ದೇ ಅನ್ನುವ ಒಂದು ಸೌಟು ಹುಡುಕಿ ಕಿತ್ತುಕೊಳ್ಳಬೇಕು. ಒಂದಕ್ಕೆ ಮಾಡಿದ ಮಾತ್ರೆ ಇನ್ನೊಂದಕ್ಕೆ ಸಾಮಾನ್ಯವಾಗಿ ನಾಟುವುದಿಲ್ಲ.

ಅಸೈಕ್ಲೊವಿರ್ ಇದಕ್ಕೆ ಚಂದದ ಉದಾಹರಣೆ. ನುಂಗಿದಾಗ ಅದು ನಿಷ್ಕ್ರಿಯ ಪುಡಿ. ಹರ್ಪಿಸ್ ಜಾತಿಯ ವೈರಸ್ ಹೊಕ್ಕ ಕೋಶದಲ್ಲಿ ಆ ವೈರಸ್ಸಿನ ಕಿಣ್ವವೇ ಅದಕ್ಕೊಂದು ಫಾಸ್ಫೇಟ್ ಅಂಟಿಸಿ ಜೀವ ಕೊಡುತ್ತದೆ. ಜೀವ ಬಂದ ಮಾತ್ರೆ ವೈರಸ್ಸಿನ ಡಿಎನ್‌ಎ ಸರಪಳಿಗೆ ಸೇರಿಕೊಂಡು ಅಲ್ಲಿಗೇ ಅದನ್ನು ಮುಗಿಸುತ್ತದೆ. ಕಳ್ಳನ ಕೈಯಲ್ಲೇ ಕೋಳ ಹಾಕಿಸಿದಂತೆ. ಇದರ ಹಿಂದಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಸರ್ಪಸುತ್ತಿಗೆ ಈ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯ ಫಲ. ನಮ್ಮಲ್ಲಿ ಎಷ್ಟೋ ಜನ ಆ ಮೂರು ದಿನವನ್ನು ಕೆಮ್ಮಣ್ಣು ಹಚ್ಚಿಸಿಕೊಳ್ಳುವುದರಲ್ಲೇ ಕಳೆದು ನಾಲ್ಕನೇ ದಿನ ಬರುತ್ತಾರೆ. ಕೆಮ್ಮಣ್ಣು ಹಚ್ಚಿಸಿಕೊಳ್ಳಿ, ಬೇಡ ಅನ್ನುವುದಿಲ್ಲ, ಮಾತ್ರೆ ನುಂಗಿ ಹಚ್ಚಿಸಿಕೊಳ್ಳಿ. ಫ್ಲೂಗೆ ಇರುವ ಒಸೆಲ್ಟಾಮಿವಿರ್ ಕೂಡ ಹಾಗೆಯೇ, 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಲಾಭ. ಮೇಷ್ಟ್ರಂಥವರಿಗೆ ಈಗ ಸೂಜಿಯೇ ಬೇಕಿಲ್ಲ. ಸೊಫೊಸ್ಬುವಿರ್ ಜೊತೆ ಇನ್ನೊಂದು ಮಾತ್ರೆ, ಸಾಮಾನ್ಯವಾಗಿ 12 ವಾರ, ನೂರಕ್ಕೆ ತೊಂಬತ್ತೈದರಷ್ಟು ಜನ ಗುಣ. 2018ರಿಂದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಇದು ಪುಕ್ಕಟೆ. ಡೆಂಗೀಗೆ, ಮಂಗನ ಕಾಯಿಲೆಗೆ, ಮಾಮೂಲಿ ನೆಗಡಿಗೆ ಇಂಥ ಮಾತ್ರೆ ಇಲ್ಲ. ನಿಮ್ಮ ಮಗಳದ್ದು ಯಾವ ವೈರಸ್ ಅಂತಲೇ ಗೊತ್ತಿರಲಿಲ್ಲ. ಡಾಕ್ಟರು ನಗಬಾರದಿತ್ತು, ಆದರೆ ಬರೆದದ್ದು ಸರಿಯಾಗಿತ್ತು.

ಪ್ಯಾರಾಸಿಟಮಾಲ್ ಕೂಗನ್ನು ಅಡಗಿಸುವುದಿಲ್ಲ. ಮಿದುಳಿನಲ್ಲಿ ಅದರ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ. ಅಡಗಿಸುವುದು ಸ್ಟೀರಾಯ್ಡ್. "ಒಂದು ಸೂಜಿ ಹಾಕಿ ಬಿಡಿ ಡಾಕ್ಟ್ರೇ, ನಾಳೆ ಪರೀಕ್ಷೆ ಇದೆ" ಅಂತ ಕೇಳುವವರಿದ್ದಾರೆ, ಡೆಕ್ಸಾಮೆಥಸೋನ್ ಸೇರಿಸಿ ಹಾಕುವವರೂ ಇದ್ದಾರೆ. ಸಂಜೆಗೆ ಜ್ವರ ಮಂಗಮಾಯ. ಮೊದಲ ದಿನಗಳಲ್ಲಿ ಇದು ಊರವರು ಕೂಗುತ್ತಿರುವಾಗ ಕರೆಂಟು ತೆಗೆದ ಹಾಗೆ. ಕೋವಿಡ್‌ನಲ್ಲೂ ಡೆಕ್ಸಾಮೆಥಸೋನ್ ಉಳಿಸಿದ್ದು ಆಮ್ಲಜನಕ ಬೇಕಾದ ಹಂತಕ್ಕೆ ಹೋದವರನ್ನು. ಬೇಕಿಲ್ಲದವರಿಗೆ ಲಾಭ ಆಗಲಿಲ್ಲ.

ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಬಿಳಿ ಕಣದ ಅಂಕಿಗಿಂತ ಮನುಷ್ಯನನ್ನು ನೋಡಿ. ಡೆಂಗೀ ಇದ್ದರೆ ಅಪಾಯ ಬರುವುದು ಜ್ವರ ಏರಿದಾಗ ಅಲ್ಲ, ಇಳಿಯುವಾಗ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಹಿಡಿದ ಹಾಗೆ ಮಲಗುವುದು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ಡೆಂಗೀ ಅನುಮಾನ ಇದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಇನ್ನು ಇಮ್ಯುನಿಟಿ ಬೂಸ್ಟರ್ ಡಬ್ಬಿಗಳು. ಇಂಟರ್‌ಫೆರಾನ್ ಜಾಸ್ತಿಯಾದರೆ ಏನಾಗುತ್ತದೆ ಅಂತ ಮೇಷ್ಟ್ರನ್ನು ಕೇಳಬೇಕು. ಆ ಡಬ್ಬಿಗಳಿಗೆ ಅಷ್ಟು ಶಕ್ತಿ ಇಲ್ಲದಿರುವುದೇ ಪುಣ್ಯ. ಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡಿಯಿರಿ.

ಮಗಳಿಗೆ ಜ್ವರ ಬಿಟ್ಟು ಎರಡು ಮೂರು ವಾರ ಆಗಿದ್ದರೆ ಒಮ್ಮೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಿ. ಸಾಮಾನ್ಯವಾಗಿ ಆ ಹೊತ್ತಿಗೆ ಕಣಗಳು ರಸ್ತೆಗೆ ಮರಳಿರುತ್ತವೆ. ಆಗಲೂ ಪಕ್ಕದಲ್ಲಿ 'ಎಲ್' ಇದ್ದರೆ ಎರಡೂ ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ. ಜ್ವರಕ್ಕಿಂತ ಮುಂಚಿನ ಹಳೆಯದೊಂದು ಮನೆಯಲ್ಲಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಕೆಲವು ಮಕ್ಕಳ ಮಾಮೂಲಿ ಮಟ್ಟವೇ ಸ್ವಲ್ಪ ಕಡಿಮೆ ಇರುತ್ತದೆ.